ಎಣಿಕೆಯ ಮರುದಿನ

ಪಂಚಾಯತಿಗೆ ನಿಲ್ಲುತ್ತೀಯಂತೆ. ಹಾಲಿನ ಸೊಸೈಟಿಯಲ್ಲಿ ಯಾರೋ ಹೇಳಿದರು. ಖುಷಿಯಾಯಿತು ಮಗಾ, ನಿಜವಾಗಿ ಆಯಿತು. ಸಂಜೆ ನೀನೇ ಬಂದು ಮೊಬೈಲು ತೆಗೆದು ತೋರಿಸಿದೆ. ಕೈಮುಗಿದ ನಿನ್ನ ಫೋಟೋ, ಹಿಂದೆ ಹುಟ್ಟುವ ಸೂರ್ಯ, ಕೆಳಗೆ ‘ನಿಮ್ಮ ಮನೆಮಗ’. ಅಧಿಸೂಚನೆ ಇನ್ನೂ ಬಂದಿಲ್ಲ. ವಾರ್ಡಿನ ಮೀಸಲಾತಿ ಏನೆಂದು ನೀನು ನೋಡಿಲ್ಲ. ಫ್ಲೆಕ್ಸ್ ಮಾತ್ರ ತಯಾರು. ಕೂಸು ಹುಟ್ಟುವ ಮುಂಚೆ ಕುಲಾವಿ. ಕುಲಾವಿ ಚಂದವಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಈಗ ಆ ಮೊಬೈಲನ್ನು ಜಗಲಿಯ ಮೇಲಿಡು, ಒಂದು ತುಂಡು ಬೆಲ್ಲ ಕಚ್ಚಿ ನೀರು ಕುಡಿ. ನಾನು ಹೇಳುವುದು ಸ್ವಲ್ಪ ಉದ್ದ ಇದೆ.

ನಾನು ಮೊದಲ ಸಲ ನಿಂತದ್ದು 1987ರ ಜನವರಿಯಲ್ಲಿ, ಮಂಡಲ ಪಂಚಾಯತಿಗೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು ಅವರು. ಮಂಡಲ ಪಂಚಾಯತಿಯ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು. ಹಾಗಾಗಿ ಅಡಿಕೆ ಸುಲಿಯುತ್ತಾ ಕೂತಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನನಗಾಗ ಮೂವತ್ತು ತುಂಬಿರಲಿಲ್ಲ. ಒಂಬತ್ತು ಓಟಿನಲ್ಲಿ ಸೋತೆ.

ನಾಲ್ಕು ದಿನ ಅಂಗಳ ದಾಟಲಿಲ್ಲ. ಐದನೆಯ ದಿನ ಅಕ್ಕಿ ಮುಗಿಯಿತು, ಮಿಲ್ಲಿಗೆ ಹೋಗಲೇಬೇಕಾಯಿತು. ಅಲ್ಲಿ ಆಚೆ ಗುಡ್ಡೆಯ ಮನೆಯ ಅಜ್ಜಿ ಸಿಕ್ಕಿದರು. ಆ ಮನೆಗೆ ನಾನು ಹೋಗಿರಲಿಲ್ಲ. ‘ಅದು ಅವರ ಕಡೆಯ ಮನೆ, ಹೋದರೆ ಕಾಲು ನೋವು ಮಾತ್ರ’ ಎಂದು ಜೊತೆಗಿದ್ದವರು ಹೇಳಿದ್ದರು, ನಾನೂ ನಂಬಿದ್ದೆ. ಅಜ್ಜಿ ನನ್ನ ಕೈ ಹಿಡಿದು, ‘ನೀನು ನಮ್ಮ ಮನೆಗೆ ಬರಲೇ ಇಲ್ಲವಲ್ಲ ಮಗಳೇ. ನೀನು ಬರುತ್ತೀಯೆಂದು ಕಾದೆವು. ಅವನು ಬಂದ, ಅವನಿಗೆ ಹಾಕಿದೆವು’ ಎಂದರು. ಆ ಮನೆಯಲ್ಲಿ ಐದು ಓಟು. ಐದು ಆ ಕಡೆಯಿಂದ ಕಳೆದು ಈ ಕಡೆ ಕೂಡಿಸಿ ನೋಡು. ನಾನು ಅಕ್ಕಿ ಚೀಲ ತಲೆಯ ಮೇಲೆ ಹೊತ್ತುಕೊಂಡು ದಾರಿಯುದ್ದಕ್ಕೂ ಆ ಲೆಕ್ಕ ಮಾಡುತ್ತಾ ಬಂದೆ.

1993ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿಯ ಮೊದಲ ಚುನಾವಣೆ ಬಂತು. ಪುನಃ ನಿಂತೆ, ಒಂದು ಮನೆಯನ್ನೂ ಬಿಡಲಿಲ್ಲ, ಗೆದ್ದೆ. ಸೋತ ಮರುದಿನವೂ ಗೊತ್ತು, ಗೆದ್ದ ಮರುದಿನವೂ ಗೊತ್ತು. ನಿನ್ನ ಹತ್ತಿರ ಮಾತಾಡುವುದು ಆ ಮರುದಿನದ ಬಗ್ಗೆಯೇ. ವಿಧಾನಸಭೆಗೆ ನಿಂತವರು ಸೋತರೆ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ನಾಲ್ಕು ತಿಂಗಳು ಕೂರಬಹುದು. ನೀನು ಎಲ್ಲಿಗೆ ಹೋಗುತ್ತಿ? ಎಣಿಕೆ ಆದ ಮಾರನೆಯ ಬೆಳಿಗ್ಗೆ ಹಾಲು ಕೊಡಲು ಅದೇ ಸೊಸೈಟಿ, ಹತ್ತಲು ಅದೇ ಬಸ್ಸು. ನಿನ್ನೆದುರು ನಿಂತವನ ತೋಟದ ತೋಡಿನಲ್ಲೇ ನಿಮ್ಮ ಗದ್ದೆಗೂ ನೀರು ಬರುವುದು.

ನೀನೀಗ ಸಾವಿರಾರು ಓಟಿನ ಕನಸು ಕಾಣುತ್ತಿದ್ದಿ. ಲೆಕ್ಕ ಬಹಳ ಸಣ್ಣದು. ನಮ್ಮ ರಾಜ್ಯದಲ್ಲಿ ಸರಿಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯತ್ ಸದಸ್ಯ. ನೂರು ಮನೆ ಅಂತಿಟ್ಟುಕೋ. ಬಯಲುಸೀಮೆಯಲ್ಲಾದರೆ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಗುಡ್ಡೆಗೊಂದು ಮನೆ, ತೋಡಿಗೊಂದು ಮನೆ, ನಡುವೆ ತೋಟ, ಕಾಡು. ಕೊಲ್ಲಮೊಗ್ರು, ಕಲ್ಮಕಾರು ಕಡೆ ಹೋದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಮನೆ ಮುಗಿಸಿದರೆ ದೊಡ್ಡದು. ಬೈಕು ಹೋಗುವ ಮನೆಗಳಿಗೆ ಮಾತ್ರ ಹೋಗಿ ‘ಪ್ರಚಾರ ಮುಗಿಯಿತು’ ಅನ್ನುವವರನ್ನು ತುಂಬಾ ನೋಡಿದ್ದೇನೆ. ಬೈಕು ಹೋಗದ ಮನೆಯವರಿಗೇ ಪಂಚಾಯತ್ ಹೆಚ್ಚು ಬೇಕಿರುವುದು. ಅವರು ಮಳೆಗಾಲದಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಡು ದಾಟಿಸುವವರು.

ಹೋಗುವಾಗ ಐದಾರು ಹುಡುಗರ ದಂಡು ಕಟ್ಟಿಕೊಂಡು ಹೋಗಬೇಡ. ಒಬ್ಬಂಟಿ ಹೆಂಗಸು ಇರುವ ಮನೆಯ ಮುಂದೆ ಐದು ಬೈಕು ನಿಂತರೆ ಅವಳು ಎದೆ ಹಿಡಿದುಕೊಳ್ಳುತ್ತಾಳೆ. ಒಬ್ಬನೇ ಹೋಗು, ಬೇಕಾದರೆ ಆ ಕಡೆಯ ದಾರಿ ಗೊತ್ತಿರುವ ಒಬ್ಬರನ್ನು ಕರೆದುಕೋ. ಹೊತ್ತು ನೋಡಿ ಹೋಗು. ರಬ್ಬರ್ ತೋಟದವರಿಗೆ ಬೆಳಿಗ್ಗೆ ಟ್ಯಾಪಿಂಗ್, ಆಗ ಹೋದರೆ ಮಾತಾಡಲು ಯಾರೂ ಸಿಗುವುದಿಲ್ಲ. ಮದ್ದು ಬಿಡುವ ದಿನ ಅಡಿಕೆ ತೋಟದವನ ಹತ್ತಿರ ರಾಜಕೀಯ ತೆಗೆಯಬೇಡ. ಅವನ ಕಣ್ಣು ಆಕಾಶದ ಮೇಲಿರುತ್ತದೆ, ಮಳೆ ಬಂದರೆ ಬೋರ್ಡೋ ದ್ರಾವಣದ ದುಡ್ಡು ಹೊಳೆಗೆ ಹೋಯಿತು. ಆ ದಿನ ನೀನೂ ಪೈಪು ಹಿಡಿದು ಎಳೆದುಕೊಟ್ಟರೆ ಅವನು ನಿನ್ನ ಹೆಸರು ಮರೆಯುವುದಿಲ್ಲ. ಓಟಿಗಾಗಿ ಎಳೆಯಬೇಡ, ಎಳೆಯುವ ಅಭ್ಯಾಸ ಇದ್ದರೆ ಎಳೆ. ಜನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ.

ಭಾಷೆ ನೋಡು. ಒಂದೇ ವಾರ್ಡಿನಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲ ಉಂಟು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಕಾಲನಿಗಳಿಗೆ ಹೋದರೆ ತಮಿಳು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅವರು. ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಕಲಿತು, ಇಲ್ಲಿನ ಮಳೆಯಲ್ಲಿ ನೆನೆದವರು. ಅವರ ಮನೆಗೆ ಐದು ವರ್ಷಕ್ಕೊಮ್ಮೆ ಚೀಟಿ ಹಿಡಿದು ಹೋಗುವವರ ಸಾಲಿನಲ್ಲಿ ನೀನು ಸೇರಬೇಡ. ಎಲ್ಲರ ಭಾಷೆ ನಿನಗೆ ಬರಬೇಕೆಂದಿಲ್ಲ. ‘ಉಣ್ಣುವುದಾಯಿತಾ?’ ಎಂದು ಅವರ ಭಾಷೆಯಲ್ಲಿ ಕೇಳಲು ಬಂದರೂ ಅವರ ಮುಖ ಅರಳುತ್ತದೆ. ತಪ್ಪು ಮಾತಾಡಿದರೆ ನಗುತ್ತಾರೆ, ನಗಲಿ ಬಿಡು.

ಮೊದಲ ಸಲ ಹೋದಾಗ ಓಟು ಕೇಳಬೇಡ. ಕೂತುಕೋ, ಕೇಳು. ನಿನಗೆ ಕಷ್ಟವಾಗುವುದು ಇಲ್ಲಿಯೇ. ಎದುರಿನವರು ಅರ್ಧ ಹೇಳುವಾಗ ನೀನು ಪೂರ್ತಿ ಉತ್ತರ ಕೊಡುತ್ತಿ. ತಾಳಮದ್ದಳೆಯಲ್ಲಿ ಹೊಸ ಅರ್ಥಧಾರಿ ಎದುರಾಳಿಯ ಮಾತು ಮುಗಿಯುವ ಮೊದಲೇ ಬಾಯಿ ಹಾಕಿದರೆ ಸಭೆ ಹೇಗೆ ಮುಖ ಸಿಂಡರಿಸುತ್ತದೆ, ನೋಡಿದ್ದೀಯಲ್ಲ? ಬಗಲಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೋ. ಯಾವ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ, ಯಾವ ಕಂಬದಲ್ಲಿ ಬಲ್ಬು ಹೋಗಿದೆ, ಯಾರ ಜಾಗದ 9–11 ನಮೂನೆಯ ಕಾಗದ ನಿಂತಿದೆ, ಯಾರ ಉದ್ಯೋಗ ಖಾತರಿ ಕೂಲಿ ಬರಲಿಲ್ಲ, ಎಲ್ಲ ಬರೆ. ಸೋತರೂ ಆ ಪುಸ್ತಕ ಬಿಸಾಡಬೇಡ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಓದಲು ಸದಸ್ಯ ಆಗಿರಬೇಕಾಗಿಲ್ಲ.

ಈಗ ಭರವಸೆಯ ವಿಷಯ. ನಿನ್ನ ಫ್ಲೆಕ್ಸಿನಲ್ಲಿ ಏಳು ಭರವಸೆ ಎಣಿಸಿದೆ. ಅದರಲ್ಲಿ ನಾಲ್ಕು ಪಂಚಾಯತಿನ ಕೈಯಲ್ಲೇ ಇಲ್ಲ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಸ, ಮನೆ ಇಲ್ಲದವರ ಪಟ್ಟಿ, ಖಾತರಿ ಕೆಲಸ, ಪಂಚಾಯತ್ ರಸ್ತೆ, ಇಷ್ಟು ನಿನ್ನ ಅಳವು. ಕಾಡಾನೆ ಅರಣ್ಯ ಇಲಾಖೆಯದ್ದು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮದ್ದು ಹುಡುಕುವುದು ವಿಜ್ಞಾನಿಗಳ ಕೆಲಸ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ರೋಗ ಎಷ್ಟು ವರ್ಷದಿಂದ ತಿನ್ನುತ್ತಿದೆ! ಅವರ ಎದುರು ‘ನಾನು ಪರಿಹಾರ ಕೊಡಿಸುತ್ತೇನೆ’ ಎಂದು ಎದೆ ತಟ್ಟಬೇಡ. ಆ ಮಾತನ್ನು ನಿನಗಿಂತ ಬಹಳ ದೊಡ್ಡವರು ಅವರಿಗೆ ಹೇಳಿ ಹೋಗಿದ್ದಾರೆ.

2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದದ್ದು ನೆನಪಿದೆಯಲ್ಲ. ಅವರಲ್ಲಿ ಒಬ್ಬಳು ಬೆಳಿಗ್ಗೆ ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದ ಹುಡುಗಿ. ಅಂಥ ಊರಿನಲ್ಲಿ ಒಂದು ಮನೆಯವರು ‘ಆನೆಗೆ ಏನು ಮಾಡುತ್ತಿ?’ ಎಂದು ನಿನ್ನನ್ನು ಕೇಳಿದರೆ ಏನು ಹೇಳುತ್ತಿ? ‘ಆನೆ ಹಿಡಿಯುವುದು ನನ್ನ ಕೈಯಲ್ಲಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸುತ್ತೇನೆ, ಅರಣ್ಯ ಕಚೇರಿಗೆ ನೀವು ಹೋಗುವಾಗ ಜೊತೆಗೆ ಬರುತ್ತೇನೆ, ಸೊಸೈಟಿಗೆ ಹೋಗುವ ದಾರಿಯ ದೀಪ ಆರದ ಹಾಗೆ ನೋಡುತ್ತೇನೆ’ ಎನ್ನು. ಸಪ್ಪೆ ಉತ್ತರ ಅನ್ನಿಸುತ್ತದೆ ನಿನಗೆ. ಮಗಳನ್ನು ಕತ್ತಲಲ್ಲಿ ಕೆಲಸಕ್ಕೆ ಕಳಿಸುವ ತಾಯಿಗೆ ಅದು ಸಪ್ಪೆಯಲ್ಲ.

ಕುರ್ಚಿ ಸಿಕ್ಕಿದ ಮೇಲೆಯೇ ಕೆಲಸ ಶುರು ಎಂದು ನೀನು ಅಂದುಕೊಂಡಿದ್ದಿ. ನಿನಗೆ 1989ನೇ ಇಸವಿಯ ಎರಡು ಸಂಗತಿ ಹೇಳುತ್ತೇನೆ. ಆ ವರ್ಷ, ಬಹಳ ಕಾಲ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ವಯಸ್ಸು 87. ಕೈಗಾದ ಅಣುಸ್ಥಾವರದ ವಿರುದ್ಧ ಮಾತಾಡುತ್ತಾ ಊರೂರು ತಿರುಗಿದರು. ಸೋತರು. ಸೋತ ಮೇಲೆ ಅವರ ಮಾತು ಒಂದು ಗುಲಗಂಜಿಯಷ್ಟೂ ಹಗುರಾಗಲಿಲ್ಲ. ಅದೇ ವರ್ಷ ಇಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಗಿರೀಶ್ ಭಾರದ್ವಾಜರು ಮೊದಲ ತೂಗುಸೇತುವೆ ಕಟ್ಟಿದರು. ಅವರು ಯಾವ ಕುರ್ಚಿಯಲ್ಲೂ ಇರಲಿಲ್ಲ, ಮೆಕ್ಯಾನಿಕಲ್ ಇಂಜಿನಿಯರ್. ಹೊಳೆಯ ಆಚೆಯವರು ಬಂದು ದಾಟಲು ದಾರಿ ಮಾಡಿಕೊಡಿ ಎಂದರು, ಇವರು ಮಾಡಿಕೊಟ್ಟರು. ಆಮೇಲೆ ದೇಶದ ಬೇರೆ ಬೇರೆ ಕಡೆ ನೂರಕ್ಕೂ ಮಿಕ್ಕಿ ಸೇತುವೆ ಆದವು, 2017ರಲ್ಲಿ ಪದ್ಮಶ್ರೀ ಬಂತು. ನೀನು ಕಾರಂತರೂ ಅಲ್ಲ, ಭಾರದ್ವಾಜರೂ ಅಲ್ಲ, ಗೊತ್ತುಂಟು. ನಿಮ್ಮ ಮನೆಯ ಕೆಳಗಿನ ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿ ಸಂಕ ಮಾಡಲು ಅಷ್ಟು ದೊಡ್ಡವನಾಗಬೇಕಾಗಿಲ್ಲ. ಕಳೆದ ಮಳೆಗಾಲದಲ್ಲಿ ಅದು ಕೊಚ್ಚಿಹೋಯಿತು. ನೀನು ಇನ್ನೂ ಸರಿಮಾಡಿಲ್ಲ. ನಾಮಪತ್ರಕ್ಕೆ ಮುಂಚೆ ಅದನ್ನು ಮಾಡು.

ಪಕ್ಷದ ಪ್ರಶ್ನೆ ನೀನು ಕೇಳಿದ್ದೆ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆಯೋಗ ಕೊಡುವ ಬೇರೆ ಚಿತ್ರವೇ ನಿನ್ನ ಗುರುತು. ಯಾರು ಯಾರ ಕಡೆ ಎಂದು ಊರಿಗೆ ಗೊತ್ತಿಲ್ಲ ಅಂತಲ್ಲ, ನಾಯಿಗೂ ಗೊತ್ತಿರುತ್ತದೆ. ಪೇಟೆಗಳಲ್ಲಿ ಚಿಹ್ನೆಯ ಮೇಲೆಯೇ ನಡೆಯುತ್ತದೆ. ಪುತ್ತೂರು ನಗರಸಭೆಯ 31 ವಾರ್ಡಿನಲ್ಲಿ 2018ರಲ್ಲಿ ಬಿಜೆಪಿಗೆ 25 ಬಂತು. ಕಡಬ ಪಟ್ಟಣ ಪಂಚಾಯತ್ ಆದ ಮೇಲೆ 2025ರ ಆಗಸ್ಟ್ 17ರಂದು, ಮಳೆಗಾಲದ ನಡುವೆ, ಮೊದಲ ಚುನಾವಣೆ ನಡೆದು 13ರಲ್ಲಿ ಕಾಂಗ್ರೆಸ್ಸಿಗೆ 8, ಬಿಜೆಪಿಗೆ 5 ಸಿಕ್ಕಿತು. ಸುಳ್ಯ ನಗರ ಪಂಚಾಯತಿನ 20ರಲ್ಲಿ 2019ರಲ್ಲಿ ಇಬ್ಬರು ಪಕ್ಷೇತರರೂ ಗೆದ್ದರು. ಅದಕ್ಕೆ ಹೇಳುವುದು, ಪಕ್ಷ ಇದ್ದರೆ ಇರಲಿ, ತಪ್ಪಲ್ಲ. ಟಿಕೆಟು ಸಿಗಲಿಲ್ಲವೆಂದು ನೆಲಕ್ಕೆ ಬೀಳಬೇಡ, ಸಿಕ್ಕಿತೆಂದು ಮನೆ ಮನೆ ನಡೆಯುವುದನ್ನು ಬಿಡಬೇಡ.

ಆದರೆ ಒಂದು ಮಾತನ್ನು ನಾನು ಮೆತ್ತಗೆ ಹೇಳುವುದಿಲ್ಲ. ಜಾತಿಯ ಹೆಸರಲ್ಲಿ, ಧರ್ಮದ ಹೆಸರಲ್ಲಿ ಒಂದು ಮನೆಯನ್ನು ಇನ್ನೊಂದು ಮನೆಯ ಮೇಲೆ ಎತ್ತಿಕಟ್ಟಿ ಓಟು ಕೇಳಿದೆ ಎಂದು ಗೊತ್ತಾದರೆ ಈ ಜಗಲಿ ಹತ್ತಬೇಡ. ವಾಟ್ಸಪ್ಪಿನಲ್ಲಿ ಬಂದದ್ದನ್ನು ಓದದೆ ಮುಂದೆ ಕಳಿಸುವ ಚಾಳಿ ನಿನಗಿದೆ. ಇವತ್ತೇ ನಿಲ್ಲಿಸು. 2022ರ ಜುಲೈಯಲ್ಲಿ ಬೆಳ್ಳಾರೆ ಪರಿಸರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಮನೆಗಳು ತರುಣರನ್ನು ಕಳಕೊಂಡವು. ಒಂದು ಹಿಂದೂ ಮನೆ, ಒಂದು ಮುಸ್ಲಿಂ ಮನೆ. ಆ ವಾರ ಪೇಟೆಯ ಬಾಗಿಲುಗಳು ಹೇಗೆ ಮುಚ್ಚಿದ್ದವು ಎಂದು ನಾನು ಮರೆತಿಲ್ಲ. ನಾಲ್ಕು ಓಟಿಗೆ ಆ ಬೆಂಕಿಗೆ ಒಂದು ಕಡ್ಡಿ ಹಾಕುವುದು ನನ್ನ ಮಗುವಿಗೆ ಹೇಳಿದ ಕೆಲಸವಲ್ಲ.

ದುಡ್ಡಿನ ವಿಷಯಕ್ಕೆ ಬಾ. ಕಳೆದ ಸಲ ಗ್ರಾಮ ಪಂಚಾಯತಿಗೆ ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಹೆಂಗಸರಿಗೂ ಮೀಸಲಿನವರಿಗೂ 100. ಸರಕಾರ ಕೇಳುವುದು ಅಷ್ಟೇ. ಮತ್ತೆಲ್ಲ ನಾವೇ ತಂದುಕೊಂಡದ್ದು. ಕೊನೆಯ ಎರಡು ರಾತ್ರಿ ಯಾರೋ ಬಂದು ‘ಆ ಕಡೆಯವರು ಹಂಚುತ್ತಿದ್ದಾರೆ, ನಾವೂ ಹಂಚದಿದ್ದರೆ ಕೈತಪ್ಪುತ್ತದೆ’ ಅನ್ನುತ್ತಾರೆ. ನನ್ನ ಹತ್ತಿರವೂ ಬಂದಿದ್ದರು. ಅಮ್ಮನ ಬಳೆ ಅಡವಿಡುವ ಯೋಚನೆ ಆಗ ನಿನ್ನ ತಲೆಗೆ ಬಂದರೆ ಎದ್ದು ಹೋಗಿ ತಣ್ಣೀರು ಸ್ನಾನ ಮಾಡು. ಸದಸ್ಯನ ಗೌರವಧನ ಎಷ್ಟೆಂದು ನಿನಗೂ ಗೊತ್ತು. ಅದರಿಂದ ಬಳೆ ಬಿಡಿಸಲು ಆಗುವುದಿಲ್ಲ. ಮತ್ತೆ ಬಿಡಿಸುವ ದಾರಿ ಯಾವುದು? ಮೋರಿಯ ಸಿಮೆಂಟಿನಲ್ಲಿ, ಪೈಪಿನ ಬಿಲ್ಲಿನಲ್ಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಡಿಕೆ ಬೆಳೆಯುವ ನಮಗೆ ಆ ಗಾದೆಯನ್ನು ಬಿಡಿಸಿ ಹೇಳಬೇಕಾ?

ಮೀಸಲಾತಿ ಪಟ್ಟಿ ಬಂದು ನಮ್ಮ ವಾರ್ಡು ಮಹಿಳೆಗೆ ಹೋಯಿತು ಅಂತಿಟ್ಟುಕೋ. ಈಗ ಅರ್ಧದಷ್ಟು ಸ್ಥಾನ ಹೆಂಗಸರದ್ದು, ಆಗುವುದೇ. ಅಕ್ಕನನ್ನು ಹೆಸರಿಗೆ ನಿಲ್ಲಿಸಿ ಸಭೆಗೆ ನೀನು ಹೋಗುವ ಉಪಾಯ ನಿನ್ನ ಗೆಳೆಯರು ಹೇಳಿಕೊಡುತ್ತಾರೆ. ಬೇಡ. 1993ರಲ್ಲಿ ಗೆದ್ದ ಮೇಲೆ ಮೊದಲ ಸಭೆಗೆ ಹೋದಾಗ ಬಾಗಿಲಲ್ಲೇ ಒಬ್ಬರು ‘ಯಜಮಾನರು ಬರಲಿಲ್ಲವಾ?’ ಎಂದು ಕೇಳಿದರು. ‘ಅವರು ಗೆಲ್ಲಲಿಲ್ಲ’ ಎಂದು ಹೇಳಿ ಒಳಗೆ ಹೋಗಿ ಕೂತೆ. ಕಾಲು ನಡುಗುತ್ತಿತ್ತು, ಕೂತೆ. ನಿನ್ನ ಅಕ್ಕ ನನಗಿಂತ ಹೆಚ್ಚು ಓದಿದ್ದಾಳೆ, ಲೆಕ್ಕದಲ್ಲಿ ನಿನಗಿಂತ ಚುರುಕು. ಅವಳಿಗೆ ಮನಸ್ಸಿದ್ದರೆ ಅವಳು ನಿಲ್ಲಲಿ, ನೀನು ಚೀಟಿ ಹಂಚು. ಮನಸ್ಸಿಲ್ಲದಿದ್ದರೆ ಬಿಟ್ಟುಬಿಡು, ಮುಂದಿನ ಸಲ ಇದೆ.

ಕಾಗದಪತ್ರ ಬೇಗ ನೋಡಿಕೋ, ಕೊನೆಯ ದಿನ ಮಧ್ಯಾಹ್ನ ಓಡುವ ನಿನ್ನ ಕ್ರಮ ಇಲ್ಲಿ ನಡೆಯುವುದಿಲ್ಲ. ಪ್ರಾಯ 21 ಆಗಿರಬೇಕು, ನಿನಗಾಗಿದೆ. ಸೂಚಕರ ಹೆಸರು ಅದೇ ವಾರ್ಡಿನ ಮತಪಟ್ಟಿಯಲ್ಲಿರಬೇಕು. ಮನೆ ತೆರಿಗೆ, ನೀರಿನ ಬಿಲ್ಲು ಬಾಕಿ ಇಡಬೇಡ. ಪಂಚಾಯತಿನ ಗುತ್ತಿಗೆಯಲ್ಲಿ ನಿನಗೆ ಪಾಲಿರಬಾರದು. ಮತಪಟ್ಟಿಯಲ್ಲಿ ನಿನ್ನ ಹೆಸರು ಹೇಗೆ ಬರೆದಿದೆಯೋ ನೋಡು, ಆಧಾರಿನಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಆಗಿ ಪರಿಶೀಲನೆಯ ದಿನ ತಲೆ ಕೆರೆದುಕೊಂಡವರಿದ್ದಾರೆ. ಮತ್ತೆ ಜನಕ್ಕೆ ಓಟು ಹಾಕುವ ಕ್ರಮ ಹೇಳಿಕೊಡು. 2020ರ ಡಿಸೆಂಬರ್ 27ರಂದು ನಮ್ಮ ಸುಳ್ಯ, ಪುತ್ತೂರು, ಕಡಬ ಮೂರು ತಾಲೂಕಿಗೂ ಮತದಾನ ಆದಾಗ ಮತಪತ್ರ, ಮೊಹರು ಇತ್ತು. ಒಂದೇ ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ಅಷ್ಟೇ ಓಟು ಹಾಕಬಹುದು. ಹೆಚ್ಚು ಒತ್ತಿದರೆ ಎಲ್ಲವೂ ಹಾಳು. ಮುದುಕರು ಪ್ರೀತಿಯಿಂದ ಎಲ್ಲರಿಗೂ ಒಂದೊಂದು ಒತ್ತಿ ಬರುತ್ತಾರೆ. ನಿನ್ನ ಚಿತ್ರ ಮಾತ್ರ ತೋರಿಸಿ ಬರಬೇಡ, ಎಷ್ಟು ಒತ್ತಬೇಕು, ಹೇಗೆ ಮಡಚಬೇಕು ಎಂದು ಕೂತು ಹೇಳು. ಓಟು ನಿನಗೇ ಬೀಳದಿದ್ದರೂ ಅವರದ್ದು ಹಾಳಾಗದಿರಲಿ.

ಎಣಿಕೆ ಮುಗಿದ ಸಂಜೆ ನಿನ್ನ ಗೆಳೆಯರು ಪಟಾಕಿ ತರುತ್ತಾರೆ. ಗೆದ್ದರೆ ನಿಮ್ಮ ಅಂಗಳದಲ್ಲಿ ಹೊಡೆಯಲಿ, ಸೋತವನ ಮನೆಯ ಮುಂದೆ ಬೈಕಿನ ಹಾರ್ನು ಒತ್ತಿಸಬೇಡ. ಆ ಮನೆಯಲ್ಲಿ ಆವತ್ತು ಅನ್ನ ಬೆಂದಿರುವುದಿಲ್ಲ, ನನಗೆ ಗೊತ್ತು. ಮರುದಿನ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗು, ಹಾರ ಇಲ್ಲದೆ, ಫೋಟೋ ತೆಗೆಯುವವನಿಲ್ಲದೆ. ಸೋತರೂ ಹಾಗೆಯೇ ಗೆದ್ದವನ ಮನೆಗೆ ಹೋಗು. ನನ್ನ ಹಾಗೆ ಅಕ್ಕಿ ಮುಗಿಯುವವರೆಗೆ ಒಳಗೆ ಕೂರಬೇಡ. ‘ನಮ್ಮ ಕಡೆಯ ನೀರಿನ ಪೈಪು ಒಡೆದಿದೆ ಮಾರಾಯ, ಮೊದಲು ಅದನ್ನು ನೋಡು’ ಎಂದು ಪುಸ್ತಕ ತೆರೆದು ತೋರಿಸು. ಅವನಿಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಚಹಾ ಬರುತ್ತದೆ.

ಆಯಿತು, ಕತ್ತಲಾಗುತ್ತಾ ಬಂತು. ನಾಳೆ ಬರುವಾಗ ಮತಪಟ್ಟಿ ತಾ. ಯಾವ ಹೆಸರು ಯಾವ ಮನೆಯದು, ಯಾವ ಮನೆಗೆ ಯಾವ ದಾರಿ, ಯಾರ ನಾಯಿ ಬೊಗಳದೆ ಕಚ್ಚುತ್ತದೆ ಎಲ್ಲ ಗುರುತು ಹಾಕಿ ಕೊಡುತ್ತೇನೆ. ಹೊರಡುವುದು ಮಾತ್ರ ಆಚೆ ಗುಡ್ಡೆಯ ಆ ಮನೆಯಿಂದ. ಅಜ್ಜಿ ಹೋಗಿ ಎಷ್ಟೋ ವರ್ಷ ಆಯಿತು. ಅವರ ಮರಿಮಗಳು ಇದ್ದಾಳೆ, ಈ ಸಲ ಅವಳದ್ದು ಮೊದಲ ಓಟು. ನಾನೂ ಬರುತ್ತೇನೆ. ತೋಡು ದಾಟುವಲ್ಲಿ ಕೈ ಹಿಡಿದುಕೋ.